ಸುಣ್ಣದ ಡಬ್ಬಿಯಾದ ಬಾಟಲಿ

ತಂಗಿ ಮಾದೇವಿ,

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು.

ಮೊನ್ನೆ ಹೆಬಳೆಯ ಮದುವೆಯಲ್ಲಿ ಸಾವಿತ್ರಿ ಹಾಡಿದಳು. ಪಕ್ಕದ ಮನೆಯ ಸಾವಿತ್ರಿಯೇ, ಇಷ್ಟು ವರ್ಷ ನೀನು ಹಾಡುವಾಗ ನಿನ್ನ ಹಿಂದೆ ಕುಳಿತು ಸೊಲ್ಲು ಎತ್ತುತ್ತಿದ್ದವಳು. ಈಗ ಮುಂದೆ ಕೂರುತ್ತಾಳೆ. ನಿನ್ನದೇ ಧಾರೆ ಹಾಡು, ಒಂದು ಸಾಲೂ ತಪ್ಪಲಿಲ್ಲ. ಎಲ್ಲರೂ ಹೊಗಳುವಾಗ ನನ್ನ ಹೊಟ್ಟೆ ಉರಿಯಿತು. ಪಾಯಸ ಬಿಟ್ಟು ಎದ್ದುಬಂದೆ. ಅವಳು ಇದ್ದಾಳೆ, ನೀನು ಯಾಕೆ...

ಆಶಾ ಕಾರ್ಯಕರ್ತೆ ಒಂದೇ ದಿನ ನಮ್ಮ ಮೂವರಿಗೂ ಬಾಟಲಿ ತಂದದ್ದು ನೆನಪಿದೆಯಾ? ಕರುಳಿನ ಕ್ಯಾನ್ಸರ್ ಪರೀಕ್ಷೆ, ಏನೂ ತೊಂದರೆ ಇಲ್ಲದವರೂ ಮಾಡಿಸಬೇಕು, ಮುಚ್ಚಳದ ಕಡ್ಡಿಗೆ ಚೂರು ಮಲ ತಾಗಿಸಿ ಕೊಟ್ಟರೆ ಸಾಕು ಎಂದಳು. ಸಾವಿತ್ರಿ ಕೊಟ್ಟಳು. ನಾನು ಬಾಟಲಿಯನ್ನು ಕೈಯಲ್ಲೂ ಹಿಡಿಯಲಿಲ್ಲ. ನೀನೋ, ಒಳಗಿನ ನೀರು ಚೆಲ್ಲಿ, ತೊಳೆದು, ಸುಣ್ಣ ತುಂಬಿಸಿದೆ.

“ಕಡ್ಡೀನೂ ಇದೆ ಅಕ್ಕಾ, ಎಲೆಗೆ ಹಚ್ಚೂಕೆ ಲಾಯ್ಕಾತು!”

“ಆ ಆಶಾದವಳಿಗೆ ಬೇರೆ ಕೆಲ್ಸ ಇಲ್ಲ ಮಾರಾಯ್ತಿ” ಎಂದು ನಕ್ಕವಳು ನಾನೇ.

ಆಮೇಲೆ ನಿನಗೆ ಮಲದಲ್ಲಿ ರಕ್ತ ಹೋದಾಗ ಉಷ್ಣ ಎಂದವಳೂ ನಾನೇ. ಎಷ್ಟು ತಿಂಗಳು ಕೋಕಂ ಪಾನಕ ಕುಡಿಸಿದೆ? ದೊಡ್ಡಾಸ್ಪತ್ರೆ ಮುಟ್ಟುವಷ್ಟರಲ್ಲಿ ಅದು ಲಿವರಿಗೂ ಹರಡಿತ್ತು, ನೀನು ಉಳಿಯಲಿಲ್ಲ. ಸಾವಿತ್ರಿಗೂ ಅದೇ ಗಡ್ಡೆ. ಆ ಪರೀಕ್ಷೆಯಿಂದ ಸಣ್ಣದಿರುವಾಗಲೇ ಸಿಕ್ಕಿತು, ಕತ್ತರಿಸಿ ತೆಗೆದರು.

ಈ ಸಲ ಬಾಟಲಿ ಹಂಚಲು ಸಾವಿತ್ರಿಯೂ ಮನೆಮನೆಗೆ ಹೊರಟಳು. ಎಲ್ಲರ ಬಾಯಲ್ಲೂ ಅವಳದೇ ಹೆಸರು. ನನಗೆ ತಡೆಯಲಾಗಲಿಲ್ಲ. ಅವಳಿಗಿಂತ ಮೊದಲೇ ಹೋಗಿ ನಿನ್ನ ಕತೆ ಹೇಳಿದೆ. “ಹೇಲು ಕೊಡೂಕೆ ನಾಚ್ಕೆ, ಚಟ್ಟ ಹತ್ತೂಕೆ ನಾಚ್ಕೆ ಇಲ್ವಾ?” ಎಂದು ಬೈದೆ. ಮುಟ್ಟಳ್ಳಿಯ ನಮ್ಮ ಕೇರಿಯಲ್ಲಿ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ, ಎಲ್ಲರೂ ಕೊಟ್ಟರು. ನಾನು ಕೊಡದೆ ಬಾಯಿ ಮಾಡಲಾದೀತೇ? ಕೊಟ್ಟೆ.

ನನ್ನದರಲ್ಲಿ ರಕ್ತದ ಅಂಶ ಸಿಕ್ಕಿದೆ ಮಾದೇವಿ. ಅಷ್ಟಕ್ಕೇ ಕ್ಯಾನ್ಸರ್ ಅಂತಲ್ಲ, ಸೋಮವಾರ ದೊಡ್ಡಾಸ್ಪತ್ರೆಯಲ್ಲಿ ಒಳಗೆ ಕ್ಯಾಮೆರಾ ಹಾಕಿ ನೋಡಬೇಕು ಎಂದಿದ್ದಾರೆ. ಸುದ್ದಿ ಕೇಳಿ ಸಾವಿತ್ರಿ ಬಾಗಿಲಿಗೇ ಬಂದಳು.

“ಸೋಮವಾರ ನಾನೂ ಬತ್ತೆ ಅಕ್ಕಾ.”

“ನೀ ಎಂತಕ್ಕೆ?” ಎಂದು ಗದರಿದೆ.

“ಮಾದೇವಕ್ಕನ್ನ ಎಳ್ಕಂಡಾದ್ರೂ ಹೋಗ್ಬೇಕಿತ್ತು ನಾನು.”

ಹಿಡಿದಿದ್ದ ಬಾಗಿಲು ಬಿಟ್ಟೆ. “ಆತು” ಎಂದೆ.

ಸೋಮವಾರ ಬಸ್ಸಿನಲ್ಲಿ ನನ್ನ ಪಕ್ಕ, ನಿನ್ನ ಜಾಗದಲ್ಲಿ ಅವಳು ಕೂರುತ್ತಾಳೆ. ಸಹಿಸಿಕೊಳ್ಳುತ್ತೇನೆ.

ನಿನ್ನ ಅಕ್ಕ