ಹೊನ್ನಿಕೇರಿಯ ಒಡಕು ಒರಳು

ಕರೇಕಲ್ಲೂರು, ಕುಷ್ಟಗಿ ತಾಲೂಕು
೧೮ ಮಾರ್ಚ್ ೧೯೭೬

ಚಿರಂಜೀವಿ ಈಶಪ್ಪನಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ಹೈದರಾಬಾದಿನಲ್ಲಿ ನೀನು, ನಿನ್ನ ಹೆಂಡತಿ, ಮಕ್ಕಳು ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ನಾವು ಇದ್ದೇವೆ. ನಿನ್ನ ಎರಡು ಕಾಗದ ಬಂದು ಇಪ್ಪತ್ತು ದಿನವಾಯಿತು, ಉತ್ತರ ತಡವಾಯಿತು, ತಪ್ಪು ತಿಳಿಯಬೇಡ. ಕಡಲೆ ಒಕ್ಕಣೆ ಇತ್ತು ಎಂದು ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಸಿಟ್ಟು ಇಳಿಯಲಿ ಎಂದು ಕಾಯುತ್ತಿದ್ದೆ. ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ನೀನು ಬರೆದ ಟಿ.ವಿ. ನಾಟಕ ಊರಿನವರಿಗೆ ಹಿಡಿಸಿತೇ ಎಂದು ಕೇಳಿದ್ದೀಯ. ಹಿಡಿಸಿದೆಯಪ್ಪ, ಬೇಕಾದಷ್ಟು ಹಿಡಿಸಿದೆ. ಸಂಜೆಯಾದರೆ ಶಾಲೆಯ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಾಸ್ತರ್ ಶಬ್ಬೀರಸಾಬರು ಸರ್ಕಾರ ಶಾಲೆಗೆ ಕೊಟ್ಟ ಟಿ.ವಿ. ಪೆಟ್ಟಿಗೆಯ ಬೀಗ ತೆಗೆಯುವ ಮೊದಲೇ ಹೆಂಗಸರು ಗೋಣಿಚೀಲ ಹಾಸಿ ಕುಳಿತಿರುತ್ತಾರೆ. ಮೊದಲು ಬೆಳೆಯ ಮಾತು, ಆಮೇಲೆ ನಿನ್ನ ಹೊನ್ನಿಕೇರಿ. ದೀಪಾವಳಿಯ ಹೊತ್ತಿಗೆ ಜೋಳಕ್ಕೆ ಹುಳ ಬಿದ್ದಾಗ ಆ ಪೆಟ್ಟಿಗೆ ಹೇಳಿದ ಔಷಧವನ್ನೇ ಹೊಡೆದು ಅರ್ಧ ಊರಿನ ಪೈರು ಉಳಿಯಿತು. ಅಂದಿನಿಂದ ಅದು ಹೇಳಿದ್ದೆಲ್ಲ ಸತ್ಯ. ಔಷಧ ಸತ್ಯ, ನಾಟಕ ಕಟ್ಟಿದ್ದು ಎಂದರೆ ಯಾರೂ ಒಪ್ಪುವುದಿಲ್ಲ.

ಊರಿಗೆ ಬೇರೆ ಹೆಸರಿಟ್ಟರೆ ಸಾಕು ಎಂದುಕೊಂಡೆಯಾ, ಜಾಣ? ಆ ಓರೆ ಬೇವಿನ ಮರ ನಮ್ಮದು. ಬಾಗಿಲ ಮುಂದೆ ಮೆಟ್ಟಿಲ ಬದಲು ಬೋರಲು ಹಾಕಿದ ಒಡಕು ಒರಳು ನಮ್ಮ ಅಪ್ಪ ಹಾಕಿದ್ದು. ಸುತ್ತ ಹತ್ತು ಹಳ್ಳಿಯಲ್ಲಿ ಅಂಥ ಮೆಟ್ಟಿಲು ಇನ್ನೊಂದು ಮನೆಗಿಲ್ಲ. ಸ್ಟುಡಿಯೋದಲ್ಲಿ ಅದನ್ನೂ ಮಾಡಿಸಿ ಇಟ್ಟಿದ್ದೀಯಲ್ಲ, ನಿನ್ನ ನೆನಪಿಗೆ ಏನು ಹೇಳಲಿ!

ಹದಿನೈದು ದಿನದ ಹಿಂದೆ ನಾಟಕದಲ್ಲಿ ಆ ಮನೆಯ ಹುಡುಗಿ ಬಟ್ಟೆಗಂಟು ಹಿಡಿದು, ಕಾಲುವೆ ಅಳೆಯಲು ಬಂದಿದ್ದ ತೆಲುಗು ಓವರ್ಸೀರನ ಜೊತೆ ಹೋಗಲು ಹೊರಟಳು. ಒರಳಿಗೆ ಎಡವಿದಳು. ಅಂಗಳದಲ್ಲಿ ನೋಡುತ್ತಿದ್ದ ಸುಂಕಲಮ್ಮ ಎದ್ದು ನಿಂತು, "ಏ, ಇದು ಕಳಕಪ್ಪನ ಮನಿ ಐತಲ್ಲ!" ಎಂದು ನಿನ್ನ ಭಾವನ ಹೆಸರು ಹಿಡಿದು ಕೂಗಿದಳು. ಅಷ್ಟೂ ತಲೆಗಳು ಹಿಂದಕ್ಕೆ ತಿರುಗಿದವು. ಎಲ್ಲರೂ ನೋಡಿದ್ದು ನನ್ನನ್ನಲ್ಲ, ನನ್ನ ಪಕ್ಕ ಕುಳಿತಿದ್ದ ಪಂಪಾವತಿಯನ್ನು. ಆ ಮನೆಯಲ್ಲಿ ಈಗ ಹರೆಯದ ಹುಡುಗಿ ನನ್ನ ಮಗಳೊಬ್ಬಳೇ ತಾನೆ?

"ಯವ್ವಾ, ನಾ ಏನ್ ಮಾಡೀನಿ? ಎಲ್ಲಾರೂ ನನ್ನ ಯಾಕ ಹಿಂಗ ನೋಡಾಕತ್ತಾರ?" ಎಂದು ದಾರಿಯುದ್ದಕ್ಕೂ ಕೇಳಿದಳು. ಅವಳ ಕೈ ಹಿಡಿದು ಬಿರಬಿರನೆ ನಡೆದೆ.

ಗಂಗಾವತಿ ಕಡೆಯ ದೊಡ್ಡಬಸಪ್ಪನವರ ಮಗನಿಗೆ ಅವಳನ್ನು ನಿಶ್ಚಯ ಮಾಡಿದ್ದು ನಿನಗೆ ಗೊತ್ತು. ಅವರೂರ ಶಾಲೆಯಲ್ಲೂ ಅಂಥದೇ ಪೆಟ್ಟಿಗೆ ಇದೆ. ನಿಶ್ಚಯಕ್ಕೆ ಬಂದ ದಿನ ದೊಡ್ಡಬಸಪ್ಪನವರು ಅದೇ ಒರಳಿಗೆ ಎಡವಿ ಹೆಬ್ಬೆರಳ ಉಗುರು ಕಿತ್ತುಕೊಂಡಿದ್ದರು. ಅವರು ಅದನ್ನು ಮರೆಯುತ್ತಾರೆಯೇ? ಹೋದ ಭಾನುವಾರ ಗಂಡಹೆಂಡತಿ ಇಬ್ಬರೂ ಬಂದರು. ಕೊಟ್ಟ ನೀರನ್ನು ಮುಟ್ಟಲಿಲ್ಲ.

"ನೋಡ್ರಿ ಕಳಕಪ್ಪಾರ, ಸಿಟ್ಟಾಗಬ್ಯಾಡ್ರಿ," ಎಂದರು ದೊಡ್ಡಬಸಪ್ಪನವರು. "ಸೋದರಮಾವನ ಬರದಾನಂದ್ರ ಸುಳ್ಳ ಇರಾಕಿಲ್ಲ. ನಿಮ್ಮ ಹುಡುಗಿ ಯಾರ ಜೋಡಿ ಹೋಗಿದ್ಲು, ಹೇಳಿಬಿಡ್ರಿ."

"ನನ್ನ ಮಗಳು ಸಂತಿಗೂ ಒಬ್ಬಾಕಿ ಹೋದಾಕಿ ಅಲ್ರಿ. ನಾಟಕರೀ ಅದು!" ಎಂದರು ನಿನ್ನ ಭಾವ.

"ಹಂಗಾರ ಒರಳು ಎಲ್ಲಿಂದ ಬಂತ್ರಿ?"

ಒಳಗೆ ಬಾಗಿಲ ಹಿಂದೆ ಪಂಪಾವತಿ ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಮೂರು ದಿನದಿಂದ ಅನ್ನ ಮುಟ್ಟಿರಲಿಲ್ಲ. ದೊಡ್ಡಬಸಪ್ಪನವರು ಎದ್ದು ರುಮಾಲು ಸರಿಮಾಡಿಕೊಂಡರು. ಅವರು ಹೊಸ್ತಿಲು ದಾಟಿದರೆ ನನ್ನ ಮಗಳ ಬಾಳು ಮುಗಿಯಿತು ಎನಿಸಿತು. ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬಂದೆ.

"ಕೂಡ್ರಿ ಬೀಗ್ರ. ಆ ಹುಡುಗಿ ನಾನು. ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ನನ್ನ ಮಗಳು ಆಗ ಹುಟ್ಟೇ ಇದ್ದಿಲ್ಲ."

ಹೇಳಿದ್ದು ಅಷ್ಟೇ. ನಾಚಿಕೆಯಾಗಲಿಲ್ಲ ಎಂದರೆ ನಂಬುತ್ತೀಯಾ? ನಿನ್ನ ಭಾವ ನನ್ನ ಮುಖ ನೋಡಲಿಲ್ಲ. ಅವಸರದ ಮದುವೆ, ಮನೆಅಳಿಯತನ, ಅದರ ಕಾರಣವನ್ನು ಅಪ್ಪ ಅವರಿಗೆ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅಂದಿನಿಂದ ಊಟಕ್ಕೆ ಮಗಳನ್ನು ಕೇಳುತ್ತಾರೆ, ನನ್ನನ್ನಲ್ಲ. ಅವರದು ತಪ್ಪೆಂದು ನಾನು ಹೇಗೆ ಹೇಳಲಿ.

ನಿನ್ನೆ ಬೀಗರಿಂದ ಆಳು ಬಂದಿದ್ದ. ದೊಡ್ಡಬಸಪ್ಪನವರ ಹೆಂಡತಿ ಶಿವಬಸಮ್ಮನವರು ಹೇಳಿ ಕಳಿಸಿದ್ದು ಇಷ್ಟು: "ಹುಡುಗಿದು ಏನೂ ತಪ್ಪಿಲ್ಲ, ಲಗ್ನ ನಿಲ್ಲಂಗಿಲ್ಲ. ಆದರ ಅಕ್ಕಿಕಾಳು ಹಾಕೂ ಮುಂದ ಹಡದವ್ವ ಹಂದರದಾಗ ಇರಬಾರದು."

ನಾನು ಹೂಂ ಎಂದೆ. "ನೀ ಇಲ್ಲದ ಹಂದರಕ್ಕ ನಾ ಕಾಲ ಇಡಂಗಿಲ್ಲ," ಎಂದು ಪಂಪಾವತಿ ಹಟ ಹಿಡಿದಳು. ಬೈದೆ, ಆಮೇಲೆ ಇಬ್ಬರೂ ಅತ್ತೆವು. ಕೊನೆಗೆ ಒಪ್ಪಿಸಿದ್ದೇನೆ. ಅಡುಗೆ ಮನೆಯ ಗವಾಕ್ಷಿಯಿಂದ ಹಂದರದ ಒಂದು ಮೂಲೆ ಕಾಣುತ್ತದೆ, ನನಗೆ ಅಷ್ಟು ಸಾಕು.

ಬಸವ ಜಯಂತಿಯ ಮರುದಿನ ಲಗ್ನ. ಸೋದರಮಾವನಾಗಿ ಅವಳ ಕೈಹಿಡಿದು ಹಂದರಕ್ಕೆ ಕರೆತರಬೇಕಾದವನು ನೀನು. ರಜೆಯಿಲ್ಲ ಎನ್ನಬೇಡ. ಇನ್ನೊಂದು ಮಾತು, ಊರಿನವರು ನಿನ್ನ ನಾಟಕದ ಹುಡುಗಿ ಬಾವಿಗೆ ಬೀಳುತ್ತಾಳೆಂದು ಕಾಯುತ್ತಿದ್ದಾರೆ. ಬೀಳಿಸಬೇಡ. ನಾನು ಬಿದ್ದಿರಲಿಲ್ಲ.

ನಿನಗೂ ನಿನ್ನ ಮನೆಯವರಿಗೂ ಆಯುಷ್ಯ, ಆರೋಗ್ಯ ಇರಲಿ. ಮಕ್ಕಳ ತಲೆಯ ಮೇಲೆ ನನ್ನ ಪರವಾಗಿ ಕೈಯಾಡಿಸು.

ನಿನ್ನ ಅಕ್ಕ,
ಶಾಂತಕ್ಕ

ತಾ.ಕ.: ಮೊನ್ನೆಯ ಭಾಗವನ್ನೂ ನೋಡಿದೆ. ಅಪ್ಪ ಬಾರುಕೋಲಿನಿಂದ ಹೊಡೆದರೂ ಹುಡುಗಿಯ ತಮ್ಮ ಬಾಯಿ ಬಿಡುವುದಿಲ್ಲ. ಅವಳೇ ರೈಲು ನಿಲ್ದಾಣದಿಂದ ಮನಸ್ಸು ಬದಲಿಸಿ ಹಿಂದಿರುಗುತ್ತಾಳೆ. ಅಂಗಳದಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು. "ತಮ್ಮ ಅಂದ್ರ ಹಿಂಗಿರಬೇಕು ನೋಡು," ಎಂದಳು ಸುಂಕಲಮ್ಮ. ನಾನು ಹಿಂದಿರುಗಿರಲಿಲ್ಲ, ಈಶಪ್ಪ. ಕೊಪ್ಪಳದ ನಿಲ್ದಾಣದಲ್ಲಿ ಅಪ್ಪ ನನ್ನ ಜಡೆ ಹಿಡಿದು ಎಳೆದುಕೊಂಡು ಬಂದರು. ಬೆಳಗಿನ ರೈಲು ಎಂದು ನಾನು ಹೇಳಿದ್ದು ನಿನಗೊಬ್ಬನಿಗೆ. "ಅವನ್ನ ಹೊಡೀಲಿಲ್ಲವ್ವಾ, ಕೇಳಿದ ಕೂಡ್ಲೆ ಹೇಳಿಬಿಟ್ಟ," ಎಂದು ಅಪ್ಪ ಸಾಯುವ ಮುಂಚೆ ನನಗೆ ಹೇಳಿದ್ದರು. ಇಷ್ಟು ವರ್ಷ ನಿನ್ನನ್ನು ಕೇಳಿರಲಿಲ್ಲ, ಕೇಳುವವಳೂ ಆಗಿರಲಿಲ್ಲ. ಬೇವು, ಒರಳು, ಬಟ್ಟೆಗಂಟು ಎಲ್ಲವನ್ನೂ ಇದ್ದ ಹಾಗೆಯೇ ಬರೆದೆಯಲ್ಲ, ತಮ್ಮನನ್ನು ಮಾತ್ರ ಯಾಕೆ ಬದಲಾಯಿಸಿದೆ?