ಗುಟ್ಟು ಕಾಯದವರ ಕೈಯಲ್ಲಿ ಅಂಕಗಳೇಕೆ?

ಆಪ್ತಸಮಾಲೋಚಕರ ತರಬೇತಿ ಕೇಂದ್ರದ ನಿರ್ದೇಶಕರೇ,

ಪರರ ಗುಟ್ಟು ಕಾಪಾಡುವ ವಿದ್ಯೆ ಕಲಿಸಬೇಕಾದ ನಿಮ್ಮ ಮೇಲ್ವಿಚಾರಕರೊಬ್ಬರು ತಮ್ಮ ಶಿಷ್ಯೆಯ ಗುಟ್ಟನ್ನೇ ತರಗತಿಯಲ್ಲಿ ಹರಾಜು ಹಾಕಿದ್ದಾರೆ. ಮೊದಲು ನಿಮಗೆ ಖಾಸಗಿಯಾಗಿಯೇ ಬರೆದೆ. ‘ಇದು ತರಬೇತಿಯ ಭಾಗ’ ಎಂಬ ಒಂದು ಸಾಲು ಉತ್ತರವಾಗಿ ಬಂದಿತು. ಅವಮಾನ ಯಾವ ಪಠ್ಯಕ್ರಮದ ಭಾಗ, ಮಾನ್ಯರೇ?

ಆ ಶಿಷ್ಯೆ ಶಬ್ರೀನ್, ಪಾಂಡವಪುರದಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ನಿಮ್ಮ ಕೇಂದ್ರ ಆಕೆಗೆ ಒಪ್ಪಿಸಿದ್ದು ಬಿಂಡಿಗನವಿಲೆಯ ಚಿಕ್ಕಮ್ಮ ಎಂಬಾಕೆಯನ್ನು. ಮಗನನ್ನು ಕಳೆದುಕೊಂಡ ಹೆಂಗಸು. ಎದುರಾಬದುರು ಕುರ್ಚಿಯಲ್ಲಿ ಕೂರಿಸಿದರೆ ಚಿಕ್ಕಮ್ಮನ ಬಾಯಿ ಕಟ್ಟುತ್ತಿತ್ತು. ಶಬ್ರೀನ್ ಆಕೆಯ ಕುರಿಹಟ್ಟಿಗೇ ಹೋಗಿ, ಸೊಪ್ಪು ಕಟ್ಟಲು ಕೈಜೋಡಿಸಿದಳು. “ನೀನೂ ಯಾರ್ನಾರಾ ಕಳ್ಕೊಂಡಿದ್ದೀಯೇನವ್ವ?” ಎಂದ ಚಿಕ್ಕಮ್ಮ, ಉತ್ತರಕ್ಕೂ ಕಾಯದೆ ಮಗನ ಮಾತು ತೆಗೆದಳು. ಕೇಳುತ್ತಿದ್ದ ಶಬ್ರೀನಳ ಕಣ್ಣೂ ತುಂಬಿತು. ತೀರಿಹೋದ ತನ್ನ ತಮ್ಮ ನೆನಪಾಗಿದ್ದ.

ಇದನ್ನು ಆಕೆ ಮುಚ್ಚಿಡದೆ ಮೇಲ್ವಿಚಾರಕರಿಗೆ ತಿಳಿಸಿದಳು. ಮೇಲ್ವಿಚಾರಣೆ ಇರುವುದೇ ಅದಕ್ಕಲ್ಲವೇ? “ಇಲ್ಲಿ ಆಡಿದ್ದು ಇಲ್ಲೇ ಇರುತ್ತೆ” ಎಂದು ಬಾಗಿಲು ಮುಚ್ಚಿ ಕೇಳಿಸಿಕೊಂಡ ಅದೇ ಮಹನೀಯರು, ಮರುವಾರ ಆಕೆಯನ್ನು ಸಹಪಾಠಿಗಳ ಮುಂದೆ ನಿಲ್ಲಿಸಿದರು. “ತಮ್ಮನಿಗೇ ಇನ್ನೂ ಅಳ್ತಾ ಕೂತಿರೋಳು ಊರೋರ ಕಣ್ಣೀರು ಒರೆಸೋಕೆ ಹೊರಟಿದ್ದಾಳೆ. ಕುರಿ ಮೇಯಿಸೋಕೆ ಹೋಗಮ್ಮ, ಅಲ್ಲಾದ್ರೆ ಪಳಗಿದ್ದೀಯ” ಎಂದರು. ಕೆಲವರು ನಕ್ಕರಂತೆ. ನಗದೆ ಏನು ಮಾಡಿಯಾರು? ಅವರ ಅಂಕಗಳೂ ಅದೇ ಕೈಯಲ್ಲಿವೆ.

ಮುಖ್ಯೋಪಾಧ್ಯಾಯನಾಗಿದ್ದಾಗ ಹೊಸ ಶಿಕ್ಷಕರ ತಪ್ಪನ್ನು ಮಕ್ಕಳೆದುರು ನಾನೆಂದೂ ಆಡಿದವನಲ್ಲ. ನನಗೆ ಮನಶ್ಶಾಸ್ತ್ರದ ಪದವಿ ಇರಲಿಲ್ಲ. ಬಹುಶಃ ಅದೇ ಕಾರಣ.

ಈಗ ಶಬ್ರೀನ್ ತರಬೇತಿ ಬಿಟ್ಟು ಮನೆಯಲ್ಲಿ ಕೂತಿದ್ದಾಳೆ. “ನೀವಾದ್ರೂ ಬುದ್ಧಿ ಏಳಿ ಮೇಷ್ಟ್ರೇ, ನಮ್ ಮಾತು ಕಿವಿಗೇ ಆಕೊಳಲ್ಲ” ಎಂದು ಆಕೆಯ ತಾಯಿ ಅಖ್ತರ್ ಬೇಗಂ ಕರೆಕಳುಹಿಸಿದರು. ಹೋದೆ. “ಸರಿಯಿಲ್ಲದೋಳು ನಾನೇ ಸಾರ್” ಎಂದಳು ಶಬ್ರೀನ್. ಅತ್ತ ಚಿಕ್ಕಮ್ಮ ಬಸ್ಸು ಹತ್ತಿ ನಾಗಮಂಗಲದ ನಿಮ್ಮ ಕೇಂದ್ರಕ್ಕೆ ಬಂದು, ಕುರ್ಚಿಯಲ್ಲಿ ಬೇರೊಬ್ಬರನ್ನು ಕಂಡು, “ಆ ಎಣ್ಮಗ ಬರ್ಲಿ, ಆಮ್ಯಾಕೆ ಬತ್ತೀನಿ” ಎಂದು ಹಿಂದಿರುಗಿದಳಂತೆ.

ಶಬ್ರೀನಳಿಗೆ ಬೇರೆ ಮೇಲ್ವಿಚಾರಕರನ್ನು ನೇಮಿಸಿ. ಮನಸ್ಸು ಬಿಚ್ಚಿಸುವವರಿಂದ ಅಂಕ ಕೊಡುವ ಅಧಿಕಾರವನ್ನು ಹಿಂಪಡೆಯಿರಿ. ಅವಮಾನವಾದ ಅದೇ ಕೋಣೆಯಲ್ಲಿ, ಅದೇ ಸಹಪಾಠಿಗಳೆದುರು, ತಪ್ಪು ಆಕೆಯದಲ್ಲವೆಂದು ಹೇಳಿಸಿ. ನಾನು ಹೇಳಿ ನೋಡಿದೆ. “ನೀವು ನನ್ ಮೇಷ್ಟ್ರು, ಅಂಗೇ ಏಳ್ತೀರ” ಎಂದು ಮುಖ ತಿರುಗಿಸಿದಳು.

ಇಂತಿ,
ಶಿಷ್ಯೆಯನ್ನು ನಂಬಿಸಲಾರದೆ ನಿಮ್ಮ ಬಾಗಿಲಿಗೆ ಬಂದ ನಿವೃತ್ತ ಕನ್ನಡ ಮೇಷ್ಟ್ರು,
ರಂಗಸ್ವಾಮಿ, ಪಾಂಡವಪುರ