ಮುಖ ಯಾರದೋ, ದನಿ ನಿಂದು

ದಂಡಿಗನಹಳ್ಳಿ
ಭಾನುವಾರ

ಮಗಳು ಭವ್ಯಶ್ರೀಗೆ ನಿಮ್ಮಪ್ಪನ ಆಶೀರ್ವಾದ.

ನೀನು ದನಿ ಕೊಟ್ಟಿರುವ ದೆವ್ವದ ಸಿನಿಮಾದ ಎರಡನೇ ಭಾಗವನ್ನು ನೆನ್ನೆ ಚನ್ನರಾಯಪಟ್ಟಣದಲ್ಲಿ ಪಕ್ಕದ ಮನೆ ರಂಗಯ್ಯನ ಜೊತೆ ನೋಡಿದೆ. ಹೆಂಗಿದೆ ಅಂತ ನೀನು ಕೇಳಿದ್ದೆಯಲ್ಲ, ಏನು ಬರೆಯಲಿ ಅಂತಲೇ ಗೊತ್ತಾಗುತ್ತಿಲ್ಲ. ಫೈಟುಗಳು ಚೆನ್ನಾಗಿವೆ. ಆದರೆ ಮೊದಲ ಭಾಗದಲ್ಲಿ ಸುಟ್ಟು ಬೂದಿಯಾದವನು ಇದರಲ್ಲಿ ಜೀಪು ಓಡಿಸುತ್ತಾನೆ. ಗೋಡೆ ತೂರಿ ಬರುವ ದೆವ್ವಕ್ಕೆ ಮಚ್ಚು ಯಾಕೆ ಬೇಕು? ರಂಗಯ್ಯನನ್ನು ಕೇಳಿದರೆ, "ಸುಮ್ನೆ ನೋಡ್ಲಾ" ಅಂದ.

ಆಮೇಲೆ ದೆವ್ವ ಒಬ್ಬ ಹುಡುಗಿಯನ್ನು ಅಟ್ಟಿಸಿಕೊಂಡು ಬಂತು. ಅವಳು ಕಿರುಚಿದಳು. ಮುಖ ಯಾರದೋ, ದನಿ ನಿಂದು. ನಾನು ಎದ್ದು ಪರದೆ ಕಡೆಗೆ ಹೊರಟೇಬಿಟ್ಟಿದ್ದೆ. ರಂಗಯ್ಯ ಕೈ ಹಿಡಿದು, "ಸಿನ್ಮಾ ಕಣ್ಲಾ, ಕೂತ್ಕೊ" ಅಂತ ಕೂರಿಸಿದ. ಮುಂದಿನ ಕಥೆ ತಲೆಗೆ ಹತ್ತಲಿಲ್ಲ.

ನಿಮ್ಮವ್ವ ತೀರಿಕೊಂಡ ದಿನ ನೀನು ಬಾಯಿಬಿಟ್ಟು ಅಳಲಿಲ್ಲ. ಕಲ್ಲು ಮನಸ್ಸಿನವಳು ಅಂತ ನಾನು ನೆಂಟರ ಮುಂದೆಯೇ ಅಂದುಬಿಟ್ಟೆ. ಅಂಥ ಕೂಗು ನಿನ್ನೊಳಗೆ ಎಷ್ಟು ವರ್ಷದಿಂದ ಇತ್ತು ಮಗಾ? ಇಲ್ಲಾ, ಅದು ಬರೀ ಕೆಲಸವಾ? ನನಗೆ ತಿಳಿಯುತ್ತಿಲ್ಲ. ಆ ಮಾತು ಮಾತ್ರ ನಾನು ಆಡಬಾರದಿತ್ತು.

ಗಂಟಲಿಗೆ ಇರಲಿ ಅಂತ ಬಸ್ಸಿನಲ್ಲಿ ಜೇನುತುಪ್ಪ ಕಳಿಸಿದ್ದೀನಿ. ಬಿಡುವಾದಾಗ ಫೋನ್ ಮಾಡು. ಮೆತ್ತಗೆ ಮಾತಾಡಿದರೂ ನನಗೆ ಕೇಳಿಸುತ್ತೆ.

ನಿಮ್ಮಪ್ಪ,
ಪುಟ್ಟರಾಜು